ಗಯ್ಯಾಳಿ ತಿರುಗಿದ ದಿಕ್ಕು

ಆ ಲಾರಿಯನ್ನು ಅಕ್ಕ, ತಮ್ಮ ಇಬ್ಬರೂ ಹರಾಜಿನಲ್ಲಿ ಹಿಡಿದು ತಂದಾಗ ಅದರ ಹೊಟ್ಟೆಯಲ್ಲಿ ಎಂಥ ಎಂಜಿನ್ ಇದೆಯೆಂದು ಹೇಳಬಲ್ಲವರು ಒಬ್ಬರೂ ಇರಲಿಲ್ಲ. ನಂಬರಿನ ತಗಡು ಕಿತ್ತುಹೋಗಿತ್ತು. ಮೈಮೇಲೆ ಯಾವ ಯಾವ ಕಾಲದ್ದೋ ಬಣ್ಣಗಳು ಸಿಪ್ಪೆ ಎದ್ದು ನಿಂತಿದ್ದವು. ಸ್ಟಾರ್ಟ್ ಮಾಡಿದರೆ ಸಾಕು, ಡಬ್ಬಿಯ ತುಂಬ ಜೀರುಂಡೆ ಹಾಕಿ ಕುಲುಕಿದಂತೆ ಕಿರುಚುತ್ತಿತ್ತು. ಕಿವಿ ಮುಚ್ಚಿಕೊಂಡು ತಮ್ಮ, "ಅಕ್ಕಾ, ಇದು ಲಾರಿಯಲ್ಲ, ಗಯ್ಯಾಳಿ" ಎಂದ. ಹೆಸರು ಅಂಟಿಕೊಂಡೇಬಿಟ್ಟಿತು.

ಗುರುತು ಹಿಡಿದವಳು ಅಕ್ಕನೇ. ಅಪ್ಪನ ವರ್ಕ್‌ಶಾಪನ್ನು ಅವನ ನಂತರ ನಡೆಸುತ್ತಿದ್ದವಳು, ಊರಿನವರ ಬಾಯಲ್ಲಿ ಮೇಸ್ತ್ರಿಯಮ್ಮ. ಎಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚಿ ಟಾರ್ಚ್ ಹಿಡಿದಳು. ಸಿಲಿಂಡರಿನ ಗೋಡೆಯಲ್ಲಿ ಸುತ್ತಲೂ ಪುಟ್ಟ ಪುಟ್ಟ ಕಿಟಕಿಗಳು; ಆ ಕಿಟಕಿಗಳ ಒಳಗೆ ಪಿಸ್ಟನ್ನಿನ ರಿಂಗುಗಳು ಬಳೆಗಳಂತೆ ಮಿನುಗುತ್ತಿದ್ದವು. ಬದಿಯಲ್ಲಿ ಗಾಳಿ ತುರುಕುವ ಬ್ಲೋವರ್.

"ಟೂ-ಸ್ಟ್ರೋಕ್ ಡೀಸೆಲ್ ಕಣೋ! ಬೇರೆ ಎಂಜಿನ್ ಎರಡು ಸುತ್ತಿಗೊಂದು ಸಲ ಉರಿದ್ರೆ ಇದು ಸುತ್ತು ಸುತ್ತಿಗೂ ಉರಿಯತ್ತೆ. ಅದಕ್ಕೇ ಈ ಕೂಗಾಟ. ನಿನ್ನ ಹಾಗೇ, ಉಸಿರು ತಗೊಳ್ಳೋಕೂ ಪುರುಸೊತ್ತಿಲ್ಲ."

"ಹಾಗಾದ್ರೆ ನಮ್ಮಿಬ್ಬರಿಗೂ ಜಾತಕ ಕೂಡಿಬಂತು ಬಿಡು," ಎಂದು ಅವನು ಆವತ್ತೇ ಸ್ಟಿಯರಿಂಗ್ ಹಿಡಿದು ಕೂತ.

ಕಥೆಗಳಲ್ಲಿ ಏಳು ಬಾಗಿಲ ಅರಮನೆ ಇರುತ್ತದಲ್ಲ, ಹಾಗೆ ಅಕ್ಕ ಆ ಎಂಜಿನ್ನಿನ ಬಾಗಿಲುಗಳನ್ನು ಒಂದೊಂದಾಗಿ ತೆರೆಯುತ್ತ ಹೋದಳು. ಎಲ್ಲ ತೆರೆದಾಯಿತು ಎಂದುಕೊಂಡಳು. ಇನ್ನೊಂದು ಉಳಿದಿದೆಯೆಂದು ಅವಳಿಗೆ ಹೊಳೆಯಲಿಲ್ಲ.

ಗಯ್ಯಾಳಿ ಮೂಟೆ ಸಾಗಿಸುತ್ತಿದ್ದ ಗಿರಣಿಯ ಗೇಟಿನ ಮುಂದೆ ಒಂದು ಏರು. ತುಂಬಿದ ಲಾರಿಯೊಂದಿಗೆ ತಮ್ಮ ಅದನ್ನು ಹತ್ತುವಾಗ ಎಂಜಿನ್ ಮುಗ್ಗರಿಸಿ ನಿಂತಿತು, ಲಾರಿ ಒಂದಿಷ್ಟು ಹಿಂದೆ ಜಾರಿತು, ಮತ್ತೆ ಎಂಜಿನ್ ತಾನಾಗಿ ಹತ್ತಿಕೊಂಡಿತು. ಸದ್ಯ ಬದುಕಿದೆ ಎಂದು ಅವನು ಫಸ್ಟ್ ಗೇರ್ ಹಾಕಿ ಆಕ್ಸಿಲರೇಟರ್ ಒತ್ತಿದ. ಲಾರಿ ಹಿಂದಕ್ಕೆ ನುಗ್ಗಿತು. ಕಾವಲಿನವನ ಗೂಡು ಪುಡಿಯಾಯಿತು. ಒಳಗಿದ್ದ ಮುದುಕನ ಕಾಲು ಮುರಿಯಿತು.

"ಫಸ್ಟ್ ಗೇರೇ ಹಾಕಿದ್ದೆ ಅಕ್ಕಾ. ಅಪ್ಪನಾಣೆಗೂ ಫಸ್ಟೇ."

ಅಕ್ಕ ಗೇರ್‌ಬಾಕ್ಸ್ ಬಿಚ್ಚಿ ನೋಡಿದಳು, ಕೂದಲೆಳೆಯಷ್ಟೂ ಕೆಟ್ಟಿರಲಿಲ್ಲ. ಕೀ ತಿರುಗಿಸಿದಳು, ಎಂಜಿನ್ ಎಂದಿನಂತೆ ಕಿರುಚಿತು. ಗಾಳಿ ಸೋಸುವ ಡಬ್ಬಿಯ ತುಂಬ ಮಾತ್ರ ಕಪ್ಪು ಮಸಿ. "ಇದನ್ನ ಯಾವ ಒಲೆಯೊಳಗೆ ಮಲಗಿಸಿದ್ಯೋ?" ಎಂದು ಬೈದು ತಾನೇ ಡೀಸೆಲ್ಲಿನಲ್ಲಿ ಅದ್ದಿ ತಿಕ್ಕಿ ತೊಳೆದಳು.

ಗಿರಣಿಯ ಅಂಗಳದಲ್ಲಿ ಜನ ಸೇರಿದ್ದಾಗ ಮ್ಯಾನೇಜರ್ ಕೇಳಿದ: "ಮೇಸ್ತ್ರಿಯಮ್ಮ ಏನಂತಾರೆ? ಅವರ ಮಾತೇ ಕೊನೆ."

ತಮ್ಮ ಅವಳ ಮುಖವನ್ನೇ ನೋಡುತ್ತ ನಿಂತಿದ್ದ. ಅವನ ಹೆಸರು, ಅವನ ಸ್ಟಿಯರಿಂಗ್, ಎಲ್ಲ ಆ ಗಳಿಗೆಯಲ್ಲಿ ಅವಳ ನಾಲಗೆಯ ಮೇಲಿತ್ತು.

"ಎಂಜಿನ್ ಯಾವತ್ತೂ ಉಲ್ಟಾ ತಿರುಗಲ್ಲ," ಎಂದಳು ಅಕ್ಕ. "ರಿವರ್ಸ್ ಬಿದ್ದಿದೆ. ಕಬ್ಬಿಣ ಸುಳ್ಳು ಹೇಳಲ್ಲ, ಮನುಷ್ಯ ಹೇಳ್ತಾನೆ."

ನ್ಯಾಯವಾಗಿ ನಡೆದುಕೊಂಡೆ ಎಂಬ ಹೆಮ್ಮೆ ಅವಳಿಗೆ. ಕೀ ಗೊಂಚಲನ್ನು ಬಾನೆಟ್ಟಿನ ಮೇಲಿಟ್ಟು ತಮ್ಮ ನಡೆದುಹೋದ. ಆಮೇಲೆ ಅವನು ಒಂದು ಸೈಕಲ್ಲನ್ನೂ ಓಡಿಸಲಿಲ್ಲ. ಕೆಳಗಿನ ಬೀದಿಯ ಗೋದಾಮಿನಲ್ಲಿ ಮೂಟೆ ತೂಗುವ ಕೆಲಸಕ್ಕೆ ಸೇರಿಕೊಂಡ. ಮನೆಗೆ ಬಂದರೆ ಊಟ ಮಾಡುತ್ತಿದ್ದ, ಅಕ್ಕನ ಮಕ್ಕಳನ್ನು ಆಡಿಸುತ್ತಿದ್ದ. ಲಾರಿಯ ಸುದ್ದಿ ಬಂದರೆ ಮಾತ್ರ ಚಪ್ಪಲಿ ಹುಡುಕುತ್ತಿದ್ದ.

ವರ್ಷಗಳು ಉರುಳಿದವು. ಒಂದು ಮಧ್ಯಾಹ್ನ ಅಕ್ಕ ಗಯ್ಯಾಳಿಗೆ ಹೊಸ ಕ್ಲಚ್ ಹಾಕಿ, ಹೇಗಿದೆ ನೋಡೋಣವೆಂದು ವರ್ಕ್‌ಶಾಪಿನ ಹಿಂದಿನ ಏರಿಗೆ ಹತ್ತಿಸಿದಳು. ಅರ್ಧದಲ್ಲಿ ಎಂಜಿನ್ ನಿಂತಿತು. ಕ್ಲಚ್ ಒತ್ತುವುದು ತಡವಾಗಿ ಲಾರಿ ಗೇರಿನಲ್ಲೇ ಹಿಂದೆ ಜಾರಿತು. ಎಂಜಿನ್ ಗಕ್ಕನೆ ಹತ್ತಿಕೊಂಡಿತು. ಕ್ಲಚ್, ಬ್ರೇಕ್ ಎರಡನ್ನೂ ತುಳಿದು ಉಸಿರು ಬಿಟ್ಟಳು. ಆದರೆ ಕಿರುಚಾಟದಲ್ಲಿ ಆ ಮೊನಚಿರಲಿಲ್ಲ, ಬಾಯಿಗೆ ಬಟ್ಟೆ ತುರುಕಿದ ಹಾಗಿತ್ತು. ಆಯಿಲ್ ಮೀಟರಿನ ಮುಳ್ಳು ನೆಲ ಕಚ್ಚಿತ್ತು. ಹೊಗೆ ಕೊಳವೆಯಿಂದ ಹೊಗೆಯೇ ಇಲ್ಲ. ಗಾಳಿ ಸೋಸುವ ಡಬ್ಬಿಯ ಬಾಯಿಂದ ಕಪ್ಪಗೆ ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಫಸ್ಟ್ ಗೇರಿನಲ್ಲೇ ಮೆಲ್ಲಗೆ ಕ್ಲಚ್ ಬಿಟ್ಟಳು. ಲಾರಿ ಹಿಂದಕ್ಕೆ ಹೊರಟಿತು.

ಎಂಜಿನ್ ನಿಲ್ಲಿಸಿ ಅಲ್ಲೇ ಕೂತಳು. ಈಗ ಎಲ್ಲ ಅರ್ಥವಾಯಿತು. ಈ ಎಂಜಿನ್ ಉಸಿರು ತೆಗೆದುಕೊಳ್ಳುವುದು ಗೋಡೆಯ ಕಿಟಕಿಗಳಿಂದ. ಪಿಸ್ಟನ್ ಕೆಳಗಿಳಿದರೆ ಕಿಟಕಿ ತೆರೆಯುತ್ತದೆ, ಮೇಲೇರಿದರೆ ಮುಚ್ಚುತ್ತದೆ. ಶಾಫ್ಟ್ ಎಡಕ್ಕೆ ತಿರುಗಿತೋ ಬಲಕ್ಕೆ ತಿರುಗಿತೋ ಕಿಟಕಿಗೆ ಲೆಕ್ಕವಿಲ್ಲ. ಒಮ್ಮೆ ಹಿಂದಕ್ಕೆ ತಳ್ಳಿಸಿಕೊಂಡರೆ ಹಿಂದಕ್ಕೇ ಉರಿಯುತ್ತ ಹೋಗುತ್ತದೆ. ಬ್ಲೋವರೂ ತಿರುವುಮುರುವಾಗಿ, ಹೊಗೆ ಬಿಡುವ ಮೂಗಿನಿಂದ ಉಸಿರೆಳೆದು, ಉಸಿರೆಳೆಯುವ ಬಾಯಿಂದ ಹೊಗೆ ಬಿಡುತ್ತದೆ; ಎಣ್ಣೆ ಪಂಪೂ ಉಲ್ಟಾ ತಿರುಗಿ ಎಣ್ಣೆ ಎತ್ತುವುದಿಲ್ಲ. ಆವತ್ತು ಆ ಮಸಿ ಇಷ್ಟನ್ನೂ ಹೇಳಲು ಬಂದಿತ್ತು. ಅವಳೇ ಕೈಯಾರೆ ಅದರ ಬಾಯಿ ತೊಳೆದಿದ್ದಳು.

ಗಯ್ಯಾಳಿಯನ್ನು ಸರಿಯಾದ ದಿಕ್ಕಿಗೆ ಸ್ಟಾರ್ಟ್ ಮಾಡಿಕೊಂಡು, ಮಸಿ ಮುಖದಲ್ಲೇ ಗೋದಾಮಿಗೆ ಹೋದಳು.

"ನೀನು ಫಸ್ಟೇ ಹಾಕಿದ್ದೆ ಕಣೋ," ಎಂದಳು.

ತಕ್ಕಡಿ ಬಿಟ್ಟು ಬಂದು ತಮ್ಮ ಅವಳ ಭುಜ ಹಿಡಿದ. "ಯಾಕಕ್ಕಾ ಈಗ ಅದೆಲ್ಲಾ? ರಿವರ್ಸೇ ಬಿದ್ದಿತ್ತು. ನನ್ನದೇ ಕೈ."

"ಅಲ್ವೋ! ಇವತ್ತು ಕಣ್ಣಾರೆ ನೋಡಿದೆ."

"ಮೊದಮೊದಲು ಫಸ್ಟೇ ಅಂತಿದ್ದೆ. ನೀನು ಅಷ್ಟು ಖಚಿತವಾಗಿ ಹೇಳಿದ ಮೇಲೆ ರಾತ್ರಿಯೆಲ್ಲಾ ಈ ಕೈಯನ್ನೇ ನೋಡ್ತಾ ಕೂರ್ತಿದ್ದೆ. ಕ್ರಮೇಣ ಅದಕ್ಕೂ ನೆನಪಾಯ್ತು, ರಿವರ್ಸಿಗೆ ಎಳೆದಿದ್ದು. ನನ್ನ ಸಮಾಧಾನಕ್ಕೆ ಸುಳ್ಳು ಹೇಳಬೇಡ. ನಿಂಗೆ ಸುಳ್ಳು ಹೇಳೋಕೂ ಬರಲ್ಲ."

ಅಕ್ಕ ತನ್ನ ಮಾತು ಅವನ ಕೆಲಸ ಕಿತ್ತುಕೊಂಡಿತೆಂದಷ್ಟೇ ತಿಳಿದಿದ್ದಳು; ಅದು ಅವನ ನೆನಪಿನೊಳಗೂ ಹೊಕ್ಕು ಅಲ್ಲಿದ್ದದ್ದನ್ನು ಅಳಿಸಿ ಬರೆದಿತ್ತು.

"ಒಂದೇ ಒಂದು ಸಲ ಹತ್ತು," ಎಂದು ಗೋಗರೆದಳು. ಅವಳು ಗೋಗರೆದದ್ದನ್ನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಹತ್ತಿದ.

ಅಕ್ಕ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗೋದಾಮಿನ ಮುಂದಿನ ಏರಿನಲ್ಲಿ ಬೇಕೆಂದೇ ಎಂಜಿನ್ ನಿಲ್ಲಿಸಿ, ಗೇರಿನಲ್ಲೇ ಹಿಂದೆ ಜಾರಲು ಬಿಟ್ಟಳು. ಎಂಜಿನ್ ಹತ್ತಿಕೊಂಡಿತು. ಕ್ಲಚ್, ಬ್ರೇಕ್ ಅದುಮಿ ಹಿಡಿದು, ಗೇರನ್ನು ನ್ಯೂಟ್ರಲ್ಲಿಗೆ ತಂದು, "ಈಗ ನೀನೇ ಹಾಕು. ಫಸ್ಟ್" ಎಂದಳು. ಎಣ್ಣೆಯಿಲ್ಲದೆ ಬೇರಿಂಗುಗಳು ಸುಟ್ಟರೆ ಸುಡಲಿ ಎಂದುಕೊಂಡಿದ್ದಳು.

ಅವನು ಗೇರಿನ ಗುಂಡಿ ಹಿಡಿದು ಫಸ್ಟಿಗೆ ಹಾಕಿದ, ಅವಳು ಕ್ಲಚ್ ಬಿಟ್ಟಳು. ಗಯ್ಯಾಳಿ ಹಿಂದಕ್ಕೆ ತೆವಳಿತು. ಅವನು ಗೇರನ್ನು ನೋಡಿದ, ಹಿಂದೆ ಸರಿಯುತ್ತಿದ್ದ ಗೋಡೆಯನ್ನು ನೋಡಿದ. ಅಕ್ಕ ಎಂಜಿನ್ ನಿಲ್ಲಿಸಿದಳು.

ಅವನು ಗೇರಿನಿಂದ ಕೈ ತೆಗೆದು ಹೇಳಿದ: "ಆವತ್ತು ನೀನು ನನ್ನ ಪಕ್ಕ ಹೀಗೆ ಕೂತಿದ್ರೆ ಸಾಕಿತ್ತು."

"ಗಿರಣಿಗೆ ಬಾ. ಎಲ್ಲರ ಮುಂದೆ ಹೇಳ್ತೀನಿ. ಆ ಕಾವಲು ತಾತನ ಮುಂದೆ ಮೊದಲು ಹೇಳ್ತೀನಿ."

"ಬೇಡ." ಅವನು ಥಟ್ಟನೆ ತಿರುಗಿದ. "ವಾರ ವಾರ ಅವರ ಮನೆಗೆ ಹೋಗ್ತೀನಿ. ನೀರು ತುಂಬಿಸ್ತೀನಿ, ಉಗುರು ಕತ್ತರಿಸ್ತೀನಿ. ನನ್ನನ್ನ ಕ್ಷಮಿಸಿದೀನಿ ಅಂತ ಬಂದವರಿಗೆಲ್ಲಾ ಹೇಳ್ಕೊಂಡು ಎದೆಯುಬ್ಬಿಸ್ತಾರೆ. ಮುರಿದ ಕಾಲಿಗೆ ಪ್ರತಿಯಾಗಿ ಅವರ ಹತ್ರ ಇರೋದು ಅದೊಂದೇ. ಈಗ ಹೋಗಿ, ಕ್ಷಮಿಸೋಕೆ ಏನೂ ಇರ್ಲಿಲ್ಲ ತಾತ ಅನ್ಲಾ?"

ಅಕ್ಕ ಕೀ ಕಿತ್ತುಕೊಂಡು ಲಾರಿಯಿಂದ ಇಳಿದಳು, ಅವನೂ ಹಿಂದೆಯೇ ಇಳಿದ.

"ಬರೋದಾದ್ರೆ ಬಾ. ಇವತ್ತು ಹೋಗೋ ದಿನವೇ. ಬಾಯಿ ಮಾತ್ರ ಬಿಡಬೇಡ."

ಒಂದೇ ಕೋಣೆಯ ಮನೆ. ಮುದುಕ ಮಂಚದ ಮೇಲೆ ಕಾಲು ಚಾಚಿ ಕೂತಿದ್ದ. ತಮ್ಮನನ್ನು ಕಂಡದ್ದೇ ಅವನ ಬೊಚ್ಚುಬಾಯಿ ಅಗಲವಾಯಿತು.

"ಬಂದಾ ನೋಡು ನನ್ನ ಡ್ರೈವರು! ಬಾಗಿಲಿಂದ ಮುಂದಕ್ಕೇ ಬಂದ್ಯಲ್ಲಪ್ಪ, ಪುಣ್ಯ! ಓಹೋ, ಮೇಸ್ತ್ರಿಯಮ್ಮನೂ ಬಂದಿದಾರೆ! ಅಲ್ಲಮ್ಮಾ, ಅಂಥಾ ಎಂಜಿನ್ನನ್ನೇ ಗುರುತು ಹಿಡಿದೋಳು, ತಮ್ಮನಿಗೆ ಹಿಂದೆ ಯಾವುದು ಮುಂದೆ ಯಾವುದು ಅಂತ ಕಲಿಸೋಕಾಗ್ಲಿಲ್ವಾ?"

ಹಾಗೆಂದು ತೊಡೆ ತಟ್ಟಿಕೊಂಡು ನಗತೊಡಗಿದ. ತಮ್ಮನೂ ನಕ್ಕು ಕೊಡ ಎತ್ತಿಕೊಂಡ. ಹೊಸ್ತಿಲಲ್ಲಿ ನಿಂತು, ಅವಳೂ ನಗಲೆಂದು, ಅಕ್ಕನ ಕಡೆ ನೋಡಿದ.

ಅವಳು ನಕ್ಕಳು.