ಹಾಡದೆ ನಿಂತ ಮೇಳಗಾರ

ಅಥೆನ್ಸಿನ ನಾಟಕೋತ್ಸವದಲ್ಲಿ ನಾವು ಹದಿನೈದು ಮಂದಿ ಮೇಳದವರು ಮುದುಕರ ಮುಖವಾಡ ತೊಟ್ಟು ನಿಂತಿದ್ದೆವು. ದ್ರೋಹಿಯ ಹೆಣವನ್ನು ಯಾರೂ ಹೂಳಕೂಡದೆಂದು ಕಥೆಯ ರಾಜ ಆಜ್ಞೆ ಮಾಡಿದ. ಆಗ ನಾವು, 'ನಿನ್ನ ಮಾತೇ ಶಾಸನ, ದೊರೆ' ಎಂದು ಹಾಡಬೇಕಿತ್ತು.

ನನ್ನ ಪಕ್ಕದಲ್ಲಿದ್ದವನು ಚಪ್ಪಲಿ ಹೊಲಿಯುವ ದೆಮೆಯಾಸ. ಹಿಂದಿನ ವಾರವಷ್ಟೇ ಅಧಿಕಾರಿಗಳು ಅವನ ತಮ್ಮನನ್ನು ದ್ರೋಹಿಯೆಂದು ಕೊಲ್ಲಿಸಿ, ಹೆಣವನ್ನು ಊರಾಚೆಯ ಕೊರಕಲಿಗೆ ಎಸೆಸಿ, ಯಾರೂ ಮುಟ್ಟಬಾರದೆಂದು ಸಾರಿದ್ದರು.

ದೆಮೆಯಾಸ ಹಾಡಲಿಲ್ಲ. ಮುಖವಾಡ ಕಿತ್ತು ನೆಲಕ್ಕೆ ಬಡಿದ.

"ಹಾಡೋ ಮುಟ್ಠಾಳ, ಬಹುಮಾನ ಹೋಗುತ್ತೆ!" ಎಂದು ನಮ್ಮ ಗುರು ಹಲ್ಲು ಕಡಿದ.

"ನಿನ್ನ ಬಹುಮಾನಕ್ಕೆ ಬೆಂಕಿ ಬೀಳ! ಅಲ್ಲಿ ನನ್ನ ತಮ್ಮನ್ನ ನಾಯಿಗಳು ಎಳೆದಾಡ್ತಿವೆ, ಇಲ್ಲಿ ನಾನು ಹೂಂಗುಟ್ಬೇಕಾ?" ಮುಂದಿನ ಸಾಲಿನ ಅಧಿಕಾರಿಗಳತ್ತ ತಿರುಗಿ ಕೂಗಿದ: "ಕಟ್ಟುಕಥೆಯ ಹೆಣಕ್ಕೆ ಕಣ್ಣೀರು ಸುರಿಸ್ತೀರಲ್ಲ, ನಾಚಿಕೆ ಆಗಲ್ವೇನ್ರೋ?"

ಕೋಲು ಹಿಡಿದ ಕಾವಲಿನವರು ಅವನನ್ನು ಆಚೆ ದಬ್ಬಿದರು. ಅವನು ನೇರ ಕೊರಕಲಿನತ್ತ ನಡೆದ. ನನ್ನ ಮೈಯೂ ಉರಿಯುತ್ತಿತ್ತು. ಮುಖವಾಡ ಬಿಸಾಡಿ ಹಿಂದೆಯೇ ಹೋದೆ. ಇಬ್ಬರೂ ಬರಿಗೈಯಲ್ಲಿ ಮಣ್ಣು ಗೋರಿ ಹೆಣ ಮುಚ್ಚಿದೆವು.

ಮರುದಿನ ನಮ್ಮಿಬ್ಬರಿಗೂ ಗಡೀಪಾರು ಎಂದು ತೀರ್ಪಾಯಿತು. ಅದನ್ನು ಓದಿದವನ ಮುಖಕ್ಕೇ ದೆಮೆಯಾಸ ಹೇಳಿದ: "ಅವನನ್ನ ಮತ್ತೆ ಅಗೆದು ಹಾಕಿ ನೋಡು. ಮತ್ತೆ ಬಂದು ಹೂಳ್ತೀನಿ."