ಮದುವಣಗಿತ್ತಿ ಕುರ್ಚಿ

"ಇದು ಭಾರ ತಡಿಯಲ್ಲ," ಎಂದು ಸೋಮಶೇಖರಪ್ಪ ಅಂಗಳದ ಪ್ಲಾಸ್ಟಿಕ್ ಕುರ್ಚಿಯನ್ನು ಅಲ್ಲಾಡಿಸಿ ಪಕ್ಕಕ್ಕೆ ತಳ್ಳಿದ. "ಕೈ ಇರೋದು, ಬೆನ್ನು ಎತ್ತರ ಇರೋದು ಬೇಕು. ಬೇಗ ನೋಡ್ರೋ, ಮೈ ಸೆಟೆದುಕೊಂಡ್ರೆ ಆಮೇಲೆ ಕೂರ್ಸೋಕಾಗಲ್ಲ."

ಒಳಗೆ ಚಾಪೆಯ ಮೇಲೆ ಅವನ ತಂಗಿಯ ಮಗಳು ಕೋಮಲಾ ಮಲಗಿದ್ದಳು. ಬೆಳಗಿನ ಜಾವ ನಿದ್ದೆಯಲ್ಲೇ ಜೀವ ಹೋಗಿತ್ತು. ಇವರಲ್ಲಿ ಸತ್ತವರನ್ನು ಮಲಗಿಸಿ ಕಳಿಸುವ ಪದ್ಧತಿಯಿಲ್ಲ. ಕೂರಿಸಿ, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು, ಕೂತಂತೆಯೇ ಮಣ್ಣು ಮಾಡಬೇಕು. ಕಾಲ ಬಳಿ ಕೂತಿದ್ದ ತಾಯಿ ಮಲ್ಲಿಕಾಂಬ ಮಗಳ ಪಾದ ತಿಕ್ಕುತ್ತಿದ್ದಳು. ಇನ್ನು ತಿಕ್ಕಿ ಏನಾಗಬೇಕು? ಆದರೂ ಕೈ ನಿಲ್ಲಲಿಲ್ಲ.

ಅಷ್ಟರಲ್ಲಿ ತರೀಕೆರೆಯ ಸೀರೆ ಅಂಗಡಿಯ ಟೆಂಪೋ ಅಜ್ಜಂಪುರದ ಆ ಸಣ್ಣ ಓಣಿಗೆ ನುಗ್ಗಿತು. ಹಿಂದೆ ವ್ಯಾನಿನಲ್ಲಿ ಮಾಲೀಕ ಶಿವಕುಮಾರ್, ಕೋಮಲಾಳ ಜೊತೆ ಕೆಲಸ ಮಾಡುತ್ತಿದ್ದ ನಾಲ್ವರು ಹುಡುಗಿಯರು, ಅಂಗಡಿಯ ಯೂನಿಫಾರಂ ಸೀರೆಯಲ್ಲೇ. ಟೆಂಪೋದಿಂದ ಇಳಿದದ್ದು ಕೆಂಪು ಮಖಮಲ್ಲಿನ, ಬಂಗಾರ ಬಣ್ಣದ ಕೈಗಳ ದೊಡ್ಡ ಕುರ್ಚಿ. ಕುರ್ಚಿಗೆ ಹುಡುಕಾಡುತ್ತಿದ್ದಾರೆಂದು ಫೋನಿನಲ್ಲಿ ಕೇಳಿ ಮಾಲೀಕನೇ ಹೇರಿಸಿಕೊಂಡು ಬಂದಿದ್ದ.

"ದೊಡ್ಡ ಮನಸ್ಸು ಕಣ್ರೀ ನಿಮ್ದು," ಎಂದು ಸೋಮಶೇಖರಪ್ಪ ಕೈಮುಗಿದ.

ಮಲ್ಲಿಕಾಂಬ ಕಿಟಕಿಯಿಂದ ನೋಡಿದಳು. ಆ ಕುರ್ಚಿ ಅವಳಿಗೆ ಗೊತ್ತಿತ್ತು.

*

ಕೋಮಲಾ ಗಂಡನ ಮನೆ ಬಿಟ್ಟು ಬಂದು ಆ ಅಂಗಡಿ ಸೇರಿದಾಗ ಅಲ್ಲಿ ಗಾದಿಯಿತ್ತು. ಕೊಳ್ಳುವವರೂ ತೋರಿಸುವವರೂ ಅದರ ಮೇಲೆ ಕಾಲು ಮಡಚಿ ಕೂತು, ಸೀರೆ ಹರವಿಕೊಂಡು, ಮನೆ ಸುದ್ದಿ ಮಾತಾಡುತ್ತ ವ್ಯಾಪಾರ. ಅದರಲ್ಲಿ ಕೋಮಲಾ ಎತ್ತಿದ ಕೈ. ಕೊರೊನಾ ಕಳೆದ ಮೇಲೆ ಅಂಗಡಿ ಶೋರೂಮಾಯಿತು. ಗಾದಿ ಹೋಗಿ ಗಾಜಿನ ಕೌಂಟರ್ ಬಂತು, ಎ.ಸಿ. ಬಂತು, ಮೂಲೆಮೂಲೆಗೆ ಕ್ಯಾಮೆರಾ ಬಂತು. ಹುಡುಗಿಯರು ಬಾಗಿಲು ತೆಗೆದಾಗಿನಿಂದ ಹಾಕುವವರೆಗೆ ನಿಂತೇ ಇರಬೇಕು. ಕೂರಲು ಇದ್ದದ್ದು ಈ ಕೆಂಪು ಕುರ್ಚಿ ಒಂದೇ. ಅದು ಧಾರೆ ಸೀರೆ ಕೊಳ್ಳಲು ಬರುವ ಮದುವಣಗಿತ್ತಿಯರನ್ನು ಕೂರಿಸಿ ಫೋಟೊ ತೆಗೆಯುವುದಕ್ಕೆ.

ಕೋಮಲಾಳಿಗೂ ಕೊರೊನಾ ಬಂದು ಹೋಗಿತ್ತು. ಆಮೇಲಿನಿಂದ ಸ್ವಲ್ಪ ಹೊತ್ತು ನಿಂತರೆ ಎದೆ ಹೊಡೆದುಕೊಳ್ಳುವುದು, ಕಣ್ಣಿಗೆ ಕತ್ತಲೆ ಕಟ್ಟುವುದು. "ನಿಂತಾಗ ರಕ್ತ ಸರಿಯಾಗಿ ತಲೆಗೆ ಏರ್ತಿಲ್ಲಮ್ಮ," ಎಂದರು ಶಿವಮೊಗ್ಗದ ಡಾಕ್ಟರು. "ಸಾಯೋ ಕಾಯಿಲೆ ಅಲ್ಲ. ನಿಲ್ಲೋ ಕೆಲಸ ಮಾತ್ರ ಬೇಡ." ನಿಲ್ಲದ ಕೆಲಸ ಎಲ್ಲಿ ಸಿಗುತ್ತದೆ ಎಂದು ಅವರು ಹೇಳಲಿಲ್ಲ.

ಒಂದು ಸ್ಟೂಲಾದರೂ ಕೇಳೋಣವೆಂದು ಕೋಮಲಾ ತಾಯಿಯನ್ನೂ ಕರೆದುಕೊಂಡು ಹೋದಳು.

"ಗಿರಾಕಿ ಇಲ್ದಾಗ ಮಾತ್ರ ಕೂತ್ಕೋತೀನಿ ಅಣ್ಣ. ಬಂದ ತಕ್ಷಣ ಏಳ್ತೀನಿ."

ಶಿವಕುಮಾರ್ ಡಾಕ್ಟರ ಚೀಟಿ ಓದಿ, ಅವಳ ಮುಖ ನೋಡಿದ. ಕೋಮಲಾಳದು ದುಂಡು ಕೆನ್ನೆ, ಯಾವಾಗಲೂ ಕೆಂಪೇರಿರುತ್ತಿತ್ತು.

"ನಿನ್ನ ನೋಡಿದ್ರೆ ಕಾಯಿಲೆಯೋಳು ಅಂತ ಯಾರಮ್ಮ ಅಂತಾರೆ? ನಿಂಗೆ ಸ್ಟೂಲ್ ಕೊಟ್ರೆ ನಾಳೆ ಎಲ್ರೂ ಕೇಳ್ತಾರೆ. ಕೂತಿರೋರ್ನ ಕಂಡ್ರೆ ಅಂಗಡೀಲಿ ವ್ಯಾಪಾರ ಇಲ್ಲ ಅನ್ಸುತ್ತೆ. ಬೇಕಾದ್ರೆ ಒಂದು ವಾರ ರಜಾ ತಗೋ, ಸಂಬಳ ಹಿಡಿಯಲ್ಲ."

"ಒಂದು ವಾರಕ್ಕೆ ಹೋಗೋದಲ್ಲ ಅಣ್ಣ ಇದು."

"ಹಂಗಾದ್ರೆ ಮನೇಲಿದ್ದು ನೋಡ್ಕೊಳಮ್ಮ. ನಾನೇನ್ ಬೇಡ ಅಂದ್ನಾ?"

ಕೆಟ್ಟವನೇನಲ್ಲ. ಇಬ್ಬರಿಗೂ ಎಳನೀರು ತರಿಸಿ ಕುಡಿಸಿಯೇ ಕಳಿಸಿದ. ಅದನ್ನು ಕುಡಿದ ಬಾಯಲ್ಲಿ ಬಯ್ಯುವುದು ಹೇಗೆಂದು ಮಲ್ಲಿಕಾಂಬಳಿಗೆ ತಿಳಿಯಲಿಲ್ಲ.

ಆಮೇಲೊಂದು ಮಧ್ಯಾಹ್ನ ಕಣ್ಣು ಕತ್ತಲೆ ಬಂದು ಕೋಮಲಾ ಆ ಕೆಂಪು ಕುರ್ಚಿಯಲ್ಲಿ ಕುಸಿದಳಂತೆ. ಕ್ಯಾಮೆರಾದಲ್ಲಿ ಕಂಡ ಶಿವಕುಮಾರ್ ಒಳಗಿನಿಂದಲೇ ಮೈಕಿನಲ್ಲಿ, "ಕೋಮಲಾ, ಏಳಮ್ಮ," ಎಂದನಂತೆ. ಗಿರಾಕಿಗಳೆಲ್ಲ ತಿರುಗಿ ನೋಡಿದರಂತೆ. ಇದನ್ನು ಮಲ್ಲಿಕಾಂಬಳಿಗೆ ಹೇಳಿದ್ದು ಪಕ್ಕದ ಕೌಂಟರಿನ ನಯನ, ಯಗಟಿ ಕಡೆಯ ಹುಡುಗಿ. ಕೋಮಲಾ ಬಾಯಿ ಬಿಟ್ಟಿರಲಿಲ್ಲ. ಮೊನ್ನೆ ಮತ್ತೆ ಕತ್ತಲೆ ಕಟ್ಟಿದಾಗ ಅವಳು ಕುರ್ಚಿಯ ಕಡೆ ಹೋಗಲಿಲ್ಲ. ನಿಂತಲ್ಲೇ ಬಿದ್ದಳು, ಕೌಂಟರಿನ ಅಂಚು ತಲೆಗೆ ಬಡಿಯಿತು. ಆಸ್ಪತ್ರೆಯಲ್ಲಿ ಎರಡು ಹೊಲಿಗೆ ಹಾಕಿ, ಏನಿಲ್ಲ ಹೋಗಮ್ಮ ಎಂದು ಕಳಿಸಿದ್ದರು.

*

"ಅಣ್ಣ, ಆ ಕುರ್ಚಿ ಬೇಡ ಕಣಣ್ಣ," ಎಂದು ಮಲ್ಲಿಕಾಂಬ ಸೋಮಶೇಖರಪ್ಪನಿಗೆ ಹೇಳಿದಳು.

"ಬೇರೆ ಎಲ್ಲಿಂದ ತರ್ಲಿ ಮಲ್ಲಿ? ಅಯ್ನೋರು ಬಂದು ಕಾಯ್ತಾ ಕೂತವ್ರೆ."

"ಗೋಡೆಗೆ ಒರಗಿಸಿ ನೆಲದ ಮೇಲೇ ಕೂರ್ಸು."

"ಟ್ರ್ಯಾಕ್ಟರ್ ಮೇಲೆ ಗೋಡೆ ಎಲ್ಲೈತೆ?" ಎಂದು ಅವನು ಹೆಂಗಸರ ಕಡೆ ತಿರುಗಿದ. "ದುಃಖದಲ್ಲಿ ಏನೇನೋ ಅಂತಾಳೆ. ಆ ಕಡೆ ಕರ್ಕೊಂಡು ಹೋಗ್ರಮ್ಮ."

ಪಕ್ಕದ ಮನೆಯ ಕಮಲಾಕ್ಷಮ್ಮ ಬಂದು ಅವಳ ರಟ್ಟೆ ಹಿಡಿದುಕೊಂಡಳು. ಗಂಡಸರು ಕೋಮಲಾಳನ್ನು ಎತ್ತಿ ಮಖಮಲ್ಲಿನ ಮೇಲೆ ಕೂರಿಸಿದರು. ವಾಲದಂತೆ ಎದೆಗೆ ಪಂಚೆ ಬಿಗಿದು, ಮೇಲೆ ರೇಷ್ಮೆ ಸೀರೆ ಹೊದಿಸಿದರು.

"ಎಷ್ಟು ಲಕ್ಷಣವಾಗಿ ಕೂತವ್ಳೆ ನೋಡು ಮಲ್ಲಮ್ಮ," ಎಂದಳು ಕಮಲಾಕ್ಷಮ್ಮ. "ಕಾಯಿಲೆಯೋಳು ಅಂತ ಯಾರಾದ್ರೂ ಅಂತಾರಾ?"

ಶಿವಕುಮಾರ್ ಹಾರ ಹಾಕಿದ. ಕರ್ಚೀಫಿನಲ್ಲಿ ಕಣ್ಣೊತ್ತಿಕೊಂಡ. ಸುಳ್ಳಿಗಲ್ಲ, ನಿಜವಾಗಿಯೇ ಅಳುತ್ತಿದ್ದ. ಮಲ್ಲಿಕಾಂಬ ಕೈ ಬಿಡಿಸಿಕೊಂಡು ಅವನ ಮುಂದೆ ಹೋಗಿ ನಿಂತಳು.

"ಈಗೊಂದ್ಸಲ ಏಳಮ್ಮ ಅನ್ರಿ," ಎಂದಳು. "ನೀವು ಹೇಳಿದ್ರೆ ಏಳ್ತಿದ್ಲು."

"ಸಮಾಧಾನ ಮಾಡ್ಕೊಳ್ಳಿ ಅಮ್ಮ," ಎಂದು ಅವನು ಅವಳ ಎರಡೂ ಕೈ ಹಿಡಿದುಕೊಂಡ. ಸುತ್ತ ನಿಂತವರು ಲೊಚಗುಟ್ಟಿದರು.

ಮಣ್ಣು ಮಾಡಿ ಬರುವಾಗ ಮಧ್ಯಾಹ್ನ ಇಳಿದಿತ್ತು. ಟ್ರ್ಯಾಕ್ಟರಿನಿಂದ ಇಬ್ಬರು ಕುರ್ಚಿ ಇಳಿಸಿ ಟೆಂಪೋದ ಕಡೆ ಹೊತ್ತರು. ಶಿವಕುಮಾರ್ ತಡೆದ.

"ಅದು ಅಂಗಡಿಗೆ ಬೇಡಪ್ಪ. ಮದುವೆ ಹೆಣ್ಣುಮಕ್ಕಳು ಕೂರೋದು, ಇನ್ನಾಗಲ್ಲ. ಇಲ್ಲೇ ಇರ್ಲಿ, ಅಮ್ಮನಿಗಾಗುತ್ತೆ." ಹಾಗೆಂದು ಫೋನು ಕಿವಿಗಿಟ್ಟುಕೊಂಡು ವ್ಯಾನಿನತ್ತ ನಡೆದ.

ಕುರ್ಚಿ ಅಂಗಳದ ನಡುವೆ ಉಳಿಯಿತು. ಬೆನ್ನಿಗೆ ವಿಭೂತಿ ಮೆತ್ತಿತ್ತು, ಸೀಟಿನಲ್ಲಿ ಚೆಂಡುಹೂವಿನ ಎಸಳು ಬಿದ್ದಿದ್ದವು. ಅಂಗಡಿಯ ಹುಡುಗಿಯರು ಬೆಳಗಿನಿಂದ ನಿಂತ ಗೋಡೆಯ ಬದಿಯಲ್ಲೇ ಸಾಲಾಗಿ ನಿಂತಿದ್ದರು. ನಯನ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತಿದ್ದಳು. ಮಲ್ಲಿಕಾಂಬ ಸೆರಗಿನಿಂದ ಸೀಟು ಒರೆಸಿದಳು.

"ಬಾರೇ ನಯನ. ಕೂತ್ಕೋ."

ನಯನ ಹತ್ತಿರ ಬಂದು ಕುರ್ಚಿಯ ಕೈ ಮೇಲೆ ಕೈಯಿಟ್ಟಳು. ವ್ಯಾನಿನ ಬಳಿ ಶಿವಕುಮಾರ್ ಬೆನ್ನು ತಿರುಗಿಸಿ ಮಾತಾಡುತ್ತಿದ್ದ. ಅವಳು ಅವನನ್ನೊಮ್ಮೆ ನೋಡಿದಳು, ಆಮೇಲೆ ತಲೆಯೆತ್ತಿ ಸೂರಿನ ಮೂಲೆ ನೋಡಿದಳು. ಅಲ್ಲಿ ಹಳೆಯ ಬಲ್ಬೊಂದು ಬಿಟ್ಟರೆ ಏನೂ ಇರಲಿಲ್ಲ.

"ಪರವಾಗಿಲ್ಲಮ್ಮ," ಎಂದಳು. ನಿಂತೇ ಇದ್ದಳು.