ಹಾಸಿದ ನಾಲಿಗೆ

“ಇವತ್ತೂ ಬರಲಿಲ್ಲವಾ?”

ಏಲೀಶ್ವಾ ಕೇಳಿದ್ದು ಯಾರನ್ನೂ ಅಲ್ಲ. ಕಿಟಕಿಯ ಹೊರಗೆ ಕಾಲುವೆ, ಕಾಲುವೆಯಾಚೆ ಕೊಯ್ಲಿಗೆ ಬಂದ ಗದ್ದೆ, ಗದ್ದೆಯ ಏರಿಯ ಮೇಲೆ ಸಾಲು ಹಿಡಿದು ಹೋಗುತ್ತಿದ್ದ ಬಾತುಕೋಳಿಗಳು. ಅವುಗಳ ಕಡೆ ಮುಖ ಮಾಡಿ ಕೇಳಿದಳು. ಕೇಳಿದ ಮೇಲೆ ಬಾಯಲ್ಲಿ ಏನೋ ಇದೆಯೆಂದು ಗೊತ್ತಾಯಿತು. ನಾಲಿಗೆಯಿಂದ ತಡವಿ ನೋಡಿದಳು. ಅನ್ನದ ಅಗುಳು. ಬೆಂಕಿ ಮುಟ್ಟಿದವಳಂತೆ ಅದನ್ನು ಅಂಗೈಗೆ ಉಗಿದು, ಮಗಳ ಕಡೆ ತಿರುಗಿದಳು.

“ಏನು ತಿನ್ನಿಸಿದೆ ನನಗೆ?”

“ಗಂಜಿ, ಅಮ್ಮಚ್ಚಿ.”

“ಕರ್ತ ಬರೋಕೆ ಮುಂಚೆ ಗಂಜಿ ತಿನ್ನಿಸಿದೆಯಾ? ನನ್ನ ಉಪವಾಸ ಕೆಡಿಸಿದೆಯಾ?”

ಬ್ರಿಜೀತಾ ಚಮಚವನ್ನು ಬಟ್ಟಲಿಗೆ ಇಳಿಸಿದಳು. ಬಟ್ಟಲಿನಲ್ಲಿ ಅರ್ಧ ಗಂಜಿ ಹಾಗೇ ಇತ್ತು, ಪಕ್ಕದಲ್ಲಿ ಬೇಯಿಸಿದ ಹೆಸರುಕಾಳು. ಮೇಜಿನ ಮೇಲೆ ಹಾಸಿದ ಬಿಳಿ ಬಟ್ಟೆಯನ್ನು ಇನ್ನೂ ತೆಗೆದಿರಲಿಲ್ಲ, ಆರಿಸಿದ ಮೇಣದಬತ್ತಿಯ ವಾಸನೆ ಕೋಣೆ ಬಿಟ್ಟು ಹೋಗಿರಲಿಲ್ಲ. ಪಾದ್ರಿ ಸ್ಕರಿಯಾ ಅಚ್ಚನ್ ಬಂದು, ತಾಯಿಯ ನಾಲಿಗೆಯ ಮೇಲೆ ಪವಿತ್ರ ಓಸ್ತಿಯನ್ನು, ಕರ್ತನ ದೇಹವೆಂದು ಮಂತ್ರಿಸಿದ ತೆಳು ರೊಟ್ಟಿಬಿಲ್ಲೆಯನ್ನು, ಇಟ್ಟು, ತಲೆ ಮುಟ್ಟಿ ಹರಸಿ, ದೋಣಿ ಹತ್ತಿ ಹೋಗಿ ಕಾಲು ಗಂಟೆಯೂ ಆಗಿರಲಿಲ್ಲ. ಅವರ ದೋಣಿಯ ಗಂಟೆ ತಿರುವಿನಾಚೆ ಇನ್ನೂ ಸಣ್ಣಗೆ ಕೇಳುತ್ತಿತ್ತು.

“ಬಂದು ಹೋದ್ರಲ್ಲ. ನೀನೇ ತಗೊಂಡೆ. ಆಮೆನ್ ಅಂದೆ.”

“ನಾನು ತಗೊಂಡಿದ್ರೆ ನನಗೆ ಗೊತ್ತಾಗ್ತಿರಲಿಲ್ವಾ?” ಏಲೀಶ್ವಾ ಕಣ್ಣು ಕಿರಿದು ಮಾಡಿದಳು. “ನೀನು ತಗೊಂಡಿರ್ತೀಯ. ನಂದನ್ನೂ ಸೇರಿಸಿ ತಗೊಂಡಿರ್ತೀಯ. ಸಣ್ಣವಳಿದ್ದಾಗಿಂದ ನಿನಗೆ ಅದೇ ಬುದ್ಧಿ. ನಿನ್ನಣ್ಣನ ಪಾಲಿನ ಬೆಲ್ಲ ಯಾರು ತಿಂತಿದ್ರು, ಹೇಳು?”

“ನಾನೇ ತಿಂತಿದ್ದೆ. ಈಗ ಗಂಜಿ ಕುಡಿ.”

“ಅವನು ಬರಲಿ. ಆಮೇಲೆ.”

ತುಟಿಗಳು ಮುಚ್ಚಿದವು. ಆ ತುಟಿಗಳನ್ನು ತೆರೆಸುವುದು ಇನ್ನು ಯಾರಿಂದಲೂ ಆಗದೆಂದು ಬ್ರಿಜೀತಾಗೆ ಗೊತ್ತಿತ್ತು.

ಏಲೀಶ್ವಾಗೆ ಎಂಬತ್ತನಾಲ್ಕು. ಮೂರು ವರ್ಷದಿಂದ ಒಂದೊಂದಾಗಿ ಎಲ್ಲ ಮರೆತುಹೋಗಿತ್ತು. ಗಂಡ ಸತ್ತದ್ದು ಮರೆತಿತ್ತು. ಮಗ ಅಸ್ಸಾಮಿನ ಮಿಷನ್ನಿಗೆ ಹೋಗಿ ಅಲ್ಲೇ ಉಳಿದದ್ದು ಮರೆತಿತ್ತು. ಒಮ್ಮೊಮ್ಮೆ ಬ್ರಿಜೀತಾಳನ್ನು ತನ್ನ ತಂಗಿಯೆಂದು ಕರೆಯುತ್ತಿದ್ದಳು. ನೆರೆ ಬಂದು ಮನೆ, ಬೇಲಿ, ಬಾಳೆ ಎಲ್ಲ ಕೊಚ್ಚಿಹೋದ ಮೇಲೂ ದೋಣಿ ಕಟ್ಟುವ ಗೂಟ ಒಂದು ನೀರಿನ ನಡುವೆ ನಿಂತಿರುತ್ತದಲ್ಲ, ಹಾಗೆ ಅವಳೊಳಗೆ ಚಿಕ್ಕಂದಿನ ಒಂದು ಕಟ್ಟಳೆ ನಿಂತಿತ್ತು: ಕರ್ತನನ್ನು ನಾಲಿಗೆಯ ಮೇಲೆ ಇಟ್ಟುಕೊಳ್ಳುವ ಮುಂಚೆ ಹೊಟ್ಟೆಗೆ ಏನೂ ಇಳಿಯಬಾರದು. ಕ್ರೈಸ್ತ ಸಭೆ ಆ ಕಟ್ಟಳೆಯನ್ನು ಸಡಿಲಿಸಿ ಎಷ್ಟೋ ಕಾಲವಾಗಿತ್ತು. ಕಾಯಿಲೆಯವರಿಗೆ ಅದು ಇಲ್ಲವೇ ಇಲ್ಲ. ಆದರೆ ಅದನ್ನು ಹೇಳಿದರೆ ಉಳಿಯುವ ಜಾಗ ಅವಳ ತಲೆಯಲ್ಲಿರಲಿಲ್ಲ.

ಮೊದಮೊದಲು ಮಧ್ಯಾಹ್ನದ ಹೊತ್ತಿಗೆ ಹಸಿವೇ ಗೆಲ್ಲುತ್ತಿತ್ತು. ಈಸ್ಟರಿಗೆ ಮುಂಚಿನ ಐವತ್ತು ದಿನದ ವ್ರತ, ನೋಂಬು, ಶುರುವಾದ ಮೇಲೆ ಅದೂ ಅಪರೂಪವಾಯಿತು, ಎರಡು ದಿನಕ್ಕೊಮ್ಮೆ ನಾಲ್ಕು ಚಮಚ ಇಳಿದರೆ ಹೆಚ್ಚು. ಮನೆಯಲ್ಲಿ ಮೀನಿನ ವಾಸನೆಯಿಲ್ಲದ್ದು ಅವಳಿಗೆ ತಿಳಿಯುತ್ತಿತ್ತೋ ಏನೋ, ನೋಂಬು ಇನ್ನೂ ಬಿಗಿಯಾಯಿತು. ಮಣಿಕಟ್ಟಿನ ಬಳೆ ಈಗ ಮೊಣಕೈವರೆಗೆ ಜಾರುತ್ತಿತ್ತು. ಆರೋಗ್ಯ ಕೇಂದ್ರದ ಡಾಕ್ಟರು ಅವಳ ತೋಳಿನ ಚರ್ಮವನ್ನು ಚಿವುಟಿ ನೋಡಿ, ಹೀಗೇ ಆದರೆ ಈಸ್ಟರ್ ಕಾಣುವುದು ಕಷ್ಟ ಅಂದಿದ್ದರು. ಓಸ್ತಿ ತೆಗೆದುಕೊಂಡ ಮೇಲೆ ಮಾತ್ರ ಮಗುವಿನ ಹಾಗೆ ಬಾಯಿ ತೆರೆಯುತ್ತಿದ್ದಳು. ಅರ್ಧ ಬಟ್ಟಲು ಮುಗಿಯುವುದರೊಳಗೆ ಮರೆವು ಬರುತ್ತಿತ್ತು. ಅಚ್ಚನ್ ಬರುವುದು ತಿಂಗಳ ಮೊದಲ ಶುಕ್ರವಾರ.

ಮರುದಿನ ಬ್ರಿಜೀತಾ ದೋಣಿ ಹಿಡಿದು ಇಗರ್ಜಿಗೆ ಹೋಗಿ ಅಚ್ಚನ್ ಅವರನ್ನು ಕರೆತಂದಳು. ಇಗರ್ಜಿಯ ಗಂಟೆ ಬಾರಿಸುವ ಲೋನಪ್ಪನ್ ಹುಟ್ಟು ಹಾಕುತ್ತಿದ್ದ.

“ಅಲ್ಲ ಬ್ರಿಜೀತಾ,” ಅಂದ ಅವನು, “ಬನ್ನಿ ಬನ್ನಿ ಅಂತ ಗಂಟೆ ಎಳೆದೂ ಎಳೆದೂ ನನ್ನ ಭುಜ ಬಿದ್ದುಹೋಯ್ತು. ಒಬ್ಬನೂ ಹೊತ್ತಿಗೆ ಸರಿಯಾಗಿ ಬರಲ್ಲ. ಇಲ್ಲಿ ನಿನ್ನಮ್ಮ ದಿನಕ್ಕೆ ಇಪ್ಪತ್ತು ಸಲ ಬಾ ಬಾ ಅಂತಾಳೆ. ಅವಳನ್ನೇ ಗಂಟೆ ಗೋಪುರಕ್ಕೆ ಹತ್ತಿಸಿಬಿಡೋಣ.”

“ಲೋನಪ್ಪಾ, ಹುಟ್ಟು ಹಾಕು,” ಅಂದರು ಅಚ್ಚನ್.

ಅವರು ಏಲೀಶ್ವಾಳ ಮುಂದೆ ಕುರ್ಚಿ ಎಳೆದುಕೊಂಡು ಕೂತು, ಕಾಯಿಲೆಯವರಿಗೆ ಉಪವಾಸವಿಲ್ಲ, ನಾನು ಹೇಳ್ತಿದ್ದೀನಿ, ಊಟ ಮಾಡು ಅಂದರು. ಅವಳು ಅವರ ಕೈಗೆ ಮುತ್ತಿಟ್ಟಳು. “ಅಚ್ಚನ್ ಹೇಳಿದ ಮೇಲೆ ಆಯ್ತು.” ಅವರು ಎದುರಿಗಿದ್ದಷ್ಟು ಹೊತ್ತು ನಾಲ್ಕು ಚಮಚ ಕುಡಿದಳು. ಅವರು ಎದ್ದು ಹೊಸ್ತಿಲು ದಾಟಿದರು. ಐದನೆಯ ಚಮಚಕ್ಕೆ ತುಟಿ ಮುಚ್ಚಿತು.

“ಅಚ್ಚನ್ ಬರೋ ತನಕ ಬೇಡ, ಮೋಳೇ,” ಅಂದಳು ಮಗಳಿಗೆ.

ಕಟ್ಟೆಯ ಮೆಟ್ಟಿಲ ಬಳಿ ಬ್ರಿಜೀತಾ ಅವರನ್ನು ತಡೆದಳು. “ದಿನಾ ಬರೋಕಾಗುತ್ತಾ ಅಚ್ಚೋ?”

“ಎರಡು ಇಗರ್ಜಿ, ಮೂವತ್ತು ಮನೆ ಕಾಯಿಲೆಯವರು, ಈ ನೀರು,” ಅಂದರು ಅವರು. “ಈ ನೋಂಬು ಮುಗಿಯೋವರೆಗೆ ಶುಕ್ರವಾರ ಶುಕ್ರವಾರ ಬರ್ತೀನಿ. ಅದಕ್ಕಿಂತ ಹೆಚ್ಚು ನನ್ನ ಕೈಲಾಗಲ್ಲ.” ದೋಣಿಯಲ್ಲಿ ಒಂದು ಕಾಲಿಟ್ಟು ನಿಂತರು. “ನಾನು ದಿನಾ ಪೂಜೆಯಲ್ಲಿ ಎತ್ತಿ ಹಿಡೀತೀನಿ ಕರ್ತನನ್ನ. ನಿನ್ನಮ್ಮನ ಹಾಗೆ ಅವನು ಬೇಕು ಅಂತ ಕೇಳಿದ ದಿನ ನನಗೆ ನೆನಪಿಲ್ಲ. ಆ ಆಸೆಯೇ ದೊಡ್ಡದು ಅಂತ ಅವಳಿಗೆ ಹೇಳು.”

“ಹೇಳ್ತೀನಿ. ಐದು ನಿಮಿಷ ಇರುತ್ತೆ.”

ಅಚ್ಚನ್ ನಕ್ಕರು. ನಕ್ಕದ್ದಕ್ಕೆ ನಾಚಿಕೆಯಾದವರಂತೆ ಟೋಪಿ ಸರಿಮಾಡಿಕೊಂಡು ಕೂತರು.

ಸೋಮವಾರ ಏಲೀಶ್ವಾ ನೀರನ್ನೂ ಬಿಟ್ಟಳು. ಅಂದು ಸಂಜೆ ಪಕ್ಕದ ಮನೆಯ ಹೆಂಗಸನ್ನು ಅಮ್ಮನ ಬಳಿ ಕೂರಿಸಿ ಬ್ರಿಜೀತಾ ಕನ್ಯಾಸ್ತ್ರೀಯರ ಮಠಕ್ಕೆ ಹೋದಳು.

ಆ ಮಠದ ಹಿಂದಿನ ಕೋಣೆ ಅವಳಿಗೆ ಹೊಸದಲ್ಲ. ಹದಿನೆಂಟನೇ ವಯಸ್ಸಿಗೆ ಕನ್ಯಾಸ್ತ್ರೀಯಾಗಲೆಂದು ಅವಳೂ ಆ ಬಾಗಿಲು ಹೊಕ್ಕವಳೇ. ನಾಲ್ಕು ವರ್ಷ ಅಲ್ಲೇ ಓಸ್ತಿ ಬೇಯಿಸಿದ್ದಳು. ಗೋಧಿಹಿಟ್ಟು, ನೀರು, ಬೇರೇನಿಲ್ಲ. ಕಾದ ಎರಡು ಕಬ್ಬಿಣದ ಫಲಕದ ನಡುವೆ ಹಿಟ್ಟು ಸುರಿದು ಒತ್ತುವುದು, ಬೆಂದ ಹಾಳೆಗಳನ್ನು ಒದ್ದೆ ಬಟ್ಟೆಯಡಿ ಇಡುವುದು, ಮೆತ್ತಗಾದ ಮೇಲೆ ಗುಂಡಗೆ ಕತ್ತರಿಸುವುದು. ಬೆಳಿಗ್ಗೆ ಪೂಜೆಯಲ್ಲಿ ಅದೇ ಓಸ್ತಿ ಅವಳ ನಾಲಿಗೆಗೆ ಬರುತ್ತಿತ್ತು. ಅವಳು ಕಾಯುತ್ತಿದ್ದಳು. ಪಕ್ಕದವರ ಕಣ್ಣಲ್ಲಿ ನೀರು ತುಂಬುತ್ತಿತ್ತು, ಕೆಲವರ ಮುಖ ಬೆಳಗುತ್ತಿತ್ತು. ಅವಳ ನಾಲಿಗೆಗೆ ಸಿಗುತ್ತಿದ್ದದ್ದು ಹಿಟ್ಟು. ನನಗೆ ಏನೂ ಆಗುವುದಿಲ್ಲ ಅಂತ ಮಠದ ಮುಖ್ಯಸ್ಥೆ ಅಮ್ಮನವರಿಗೆ ಹೇಳಿದಾಗ, ಕಾಯಬೇಕು ಅಂದರು. ನಾಲ್ಕು ವರ್ಷ ಕಾದು ಹೊರಗೆ ಬಂದಳು. ಊರಿಗೆ ಆರೋಗ್ಯದ ನೆಪ ಹೇಳಿದ್ದಾಯಿತು. ಈಗ ಐವತ್ತೆರಡು. ಇವತ್ತಿಗೂ ಭಾನುವಾರ ತಪ್ಪಿಸಿದವಳಲ್ಲ. ಕರ್ತನ ದೇಹ ಅಂತ ಅಚ್ಚನ್ ಹೇಳುತ್ತಾರೆ, ಆಮೆನ್ ಅನ್ನುತ್ತಾಳೆ, ಹಿಟ್ಟು ನುಂಗುತ್ತಾಳೆ. ಒಂದು ದಿನವಾದರೂ ಅದು ಬೇರೆಯಾಗಿ ಬಂದೀತು ಅಂತ ಆ ಆಮೆನ್ ಒಂದನ್ನೇ ಬಿಡದೆ ಹಿಡಿದಿದ್ದಳು. ಅವಳ ಪ್ರಾರ್ಥನೆಯೆಂದರೆ ಈಗ ಅಷ್ಟೇ ಉಳಿದಿತ್ತು.

ಅವಳ ಜೊತೆಯಲ್ಲೇ ಸೇರಿದ್ದ ಸಿಸ್ಟರ್ ಕ್ಲೆಮೆನ್ಸಿಯಾ ಈಗಲೂ ಅದೇ ಕಬ್ಬಿಣದ ಮುಂದೆ ಇದ್ದಳು. ಮೊಣಕೈವರೆಗೆ ಹಿಟ್ಟು.

“ಓಡಿಹೋದವಳು ಬಂದಳು,” ಅಂದಳು ತಲೆಯೆತ್ತದೆ. “ಕೈ ತೊಳ್ಕೊ, ಈ ಹಾಳೆ ಹಿಡಿ. ಮೂವತ್ತು ವರ್ಷದ ಕೆಲಸ ಬಾಕಿ ಇಟ್ಟು ಹೋಗಿದ್ದೀಯ.”

ಬ್ರಿಜೀತಾ ಹಾಳೆ ಹಿಡಿದಳು. ಹಿಡಿದುಕೊಂಡೇ ತಾಯಿಯ ವಿಷಯ ಹೇಳಿದಳು. ಕ್ಲೆಮೆನ್ಸಿಯಾಳ ಕೈ ನಿಧಾನವಾಯಿತು.

“ನೀವು ಯಾರಾದ್ರೂ ದಿನಾ ತಂದುಕೊಡೋಕಾಗಲ್ವಾ?”

“ಬೇಯಿಸೋದು ನಮ್ಮ ಕೆಲಸ. ಹಂಚೋ ಅಧಿಕಾರ ಇಲ್ಲಿ ನಮಗೆ ಕೊಟ್ಟಿಲ್ಲ. ಕೇಳಿಯೂ ನೋಡಿದ್ದೀವಿ.”

“ಹಾಗಾದ್ರೆ ಇದನ್ನೇ ಕೊಡು.” ಕತ್ತರಿಸಿದ ಓಸ್ತಿಗಳ ಡಬ್ಬಿಯನ್ನು ಬ್ರಿಜೀತಾ ಕಣ್ಣಲ್ಲೇ ತೋರಿಸಿದಳು. “ಮಂತ್ರಿಸದೇ ಇರೋದನ್ನ. ಬೆಳಿಗ್ಗೆ ಒಂದು, ಸಂಜೆ ಒಂದು. ಒಂದೊಂದಕ್ಕೆ ಅರ್ಧ ಬಟ್ಟಲು ಗಂಜಿ ಇಳಿಯುತ್ತೆ.”

ಕಬ್ಬಿಣದ ಮೇಲಿನ ಹಾಳೆಯ ಅಂಚು ಕಂದಿತು. ಕ್ಲೆಮೆನ್ಸಿಯಾ ಅದನ್ನು ಕಿತ್ತು ಪಕ್ಕಕ್ಕೆ ಹಾಕಿ, ಅಂಚು ಮುರಿದ ಕೆಲವು ಓಸ್ತಿಗಳನ್ನು ಆರಿಸಿ ಕಾಗದದಲ್ಲಿ ಸುತ್ತಿದಳು.

“ಇದು ಬರೀ ಹಿಟ್ಟು. ಮುರಿದದ್ದನ್ನ ಶಾಲೆ ಮಕ್ಕಳು ದಿನಾ ಬಂದು ಕೇಳಿ ತಿಂತಾರೆ. ನಿನ್ನಮ್ಮ ತಿಂದ್ರೆ ಪಾಪ ಇಲ್ಲ.” ಪೊಟ್ಟಣವನ್ನು ಕೊಟ್ಟಳು, ಕೈ ಮಾತ್ರ ಬಿಡಲಿಲ್ಲ. “ಕೊಡುವಾಗ ನೀನು ಬಾಯಲ್ಲಿ ಏನು ಹೇಳ್ತೀಯ, ಅದನ್ನ ಮಾತ್ರ ನೋಡ್ಕೊ.”

“ಏನೂ ಹೇಳಲ್ಲ. ಸುಮ್ಮನೆ ಕೊಡ್ತೀನಿ.”

ಬೆಳಿಗ್ಗೆ ಅವಳು ಅಮ್ಮನ ಮುಖ ತೊಳೆಸಿ, ಬಿಳಿ ಚಟ್ಟೆ ರವಿಕೆ ತೊಡಿಸಿ, ಮುಂಡು ಉಡಿಸಿ, ತಲೆಗೆ ಮುಸುಕು ಹೊದಿಸಿದಳು. ಮೇಜಿಗೆ ಬಟ್ಟೆ ಹಾಸಿ ಮೇಣದಬತ್ತಿ ಹಚ್ಚಿದಳು. ಒಲೆಯ ಮೇಲೆ ಗಂಜಿ ಬೆಚ್ಚಗಿತ್ತು. ತಾಯಿಯನ್ನು ದಿಂಬಿಗೆ ಒರಗಿಸುವಾಗ ಅವಳ ಭಾರ ಒಂದು ಒಣಹುಲ್ಲಿನ ಕಟ್ಟಿನಷ್ಟೂ ಇರಲಿಲ್ಲ.

ಬತ್ತಿಯ ಬೆಳಕು ಕಂಡದ್ದೇ ಏಲೀಶ್ವಾಳ ಮುಖ ಬದಲಾಯಿತು. ಮುದುರಿದ್ದ ಕೈಗಳು ಜೋಡಿಕೊಂಡವು.

“ಬಂದನಾ?”

ಬ್ರಿಜೀತಾ ಪೊಟ್ಟಣವನ್ನು ಕೈಗೆತ್ತಿಕೊಂಡಳು. ಏಲೀಶ್ವಾ ಕಣ್ಣು ಮುಚ್ಚಿ, ತನ್ನ ತಾಯಿ ಹೇಳಿಕೊಟ್ಟಿದ್ದ ಸಾಲುಗಳನ್ನು ರಾಗವಾಗಿ ಹೇಳಿದಳು. ಮಗಳ ಹೆಸರು ತಪ್ಪುವ ಬಾಯಲ್ಲಿ ಅದರ ಒಂದಕ್ಷರವೂ ತಪ್ಪಲಿಲ್ಲ.

ಬಾರೋ ಒಡೆಯಾ, ಬಾಗಿಲು ತಗ್ಗು, ತಲೆಬಾಗಿ ಬಾರೋ,
ಹಾಸಲು ಚಾಪೆಯಿಲ್ಲ, ನಾಲಿಗೆ ಹಾಸಿದ್ದೇನೆ ಬಾರೋ.

ಆಮೇಲೆ ಬಾಯಿ ತೆರೆದು ನಾಲಿಗೆ ಮುಂದೆ ಚಾಚಿದಳು. ಒಣಗಿ ಬಿರುಕುಬಿಟ್ಟ ನಾಲಿಗೆ. ಅದು ಸಣ್ಣಗೆ ನಡುಗುತ್ತಿತ್ತು. ಬ್ರಿಜೀತಾ ಪೊಟ್ಟಣ ಬಿಚ್ಚಿ ಒಂದು ಓಸ್ತಿ ತೆಗೆದು ಹತ್ತಿರ ತಂದಳು. ಇನ್ನೇನು ತಾಗಬೇಕು, ನಾಲಿಗೆ ಒಳಗೆ ಸರಿಯಿತು.

“ಮಾತು ಹೇಳಿ ಅಚ್ಚೋ,” ಅಂದಳು ಏಲೀಶ್ವಾ, ಕಣ್ಣು ತೆರೆಯದೆ.

ಬ್ರಿಜೀತಾಳ ಕೈ ಗಾಳಿಯಲ್ಲೇ ನಿಂತಿತು.

“ತಗೋ ಅಮ್ಮಚ್ಚಿ.”

“ಅದಲ್ಲ. ಕರ್ತನ ದೇಹ ಅಂತ ನೀವು ಹೇಳ್ಬೇಕು. ನೀವು ಹೇಳದೆ ನಾನು ಆಮೆನ್ ಅನ್ನೋದು ಹೇಗೆ?”

ಎರಡೇ ಮಾತು. ಅದನ್ನು ಹೇಳಿದರೆ ಅರ್ಧ ಬಟ್ಟಲು ಗಂಜಿ, ಸಂಜೆಗೆ ಇನ್ನರ್ಧ, ನಾಳೆ ಮತ್ತೆ. ಈಸ್ಟರಿಗೆ ಇನ್ನು ಮೂರೂವರೆ ವಾರ. ಎಷ್ಟು ಸಲ ಬೇಕಾದರೂ ಹೇಳಬಹುದು, ಅಮ್ಮನಿಗೆ ಒಂದೂ ನೆನಪಿರುವುದಿಲ್ಲ. ಬ್ರಿಜೀತಾ ಬಾಯಿ ತೆರೆದಳು. ಮೊದಲ ಅಕ್ಷರ ಗಂಟಲವರೆಗೆ ಬಂತು.

ಎದುರಿಗೆ ಆ ಮುಖ. ಮೂವತ್ತು ವರ್ಷ ಪ್ರತಿ ಭಾನುವಾರ ತನ್ನದೂ ಇಂಥದೇ ಆಗಲಿ ಅಂತ ಅವಳು ಬೇಡಿಕೊಂಡಿದ್ದ ಮುಖ. ಎಲ್ಲವನ್ನೂ ಮರೆತು ಒಬ್ಬನನ್ನೇ ನೆನಪಿಟ್ಟುಕೊಂಡು ಬಾಗಿಲಲ್ಲಿ ಕಾದು ಕೂತಿದೆ. ಅದರ ನಾಲಿಗೆಯ ಮೇಲೆ ತಾನು ಈಗ ಹಿಟ್ಟನ್ನು ಇಟ್ಟು, ಇವನೇ ಅವನು ಅನ್ನಬೇಕು. ಅಮ್ಮ ಮೈಯೆಲ್ಲ ಒಂದಾಗಿ ಆಮೆನ್ ಅನ್ನುತ್ತಾಳೆ. ಆ ಆಮೆನ್ ಎಲ್ಲಿ ಹೋಗಿ ಬೀಳುತ್ತದೆ? ಅದಾದ ಮೇಲೆ ಬರುವ ಭಾನುವಾರ ಇಗರ್ಜಿಯ ಸಾಲಿನಲ್ಲಿ ನಿಂತು ತನ್ನ ಆಮೆನ್ ತಾನು ಯಾವ ಬಾಯಿಂದ ಹೇಳುವುದು?

ಅಡುಗೆಮನೆಯಲ್ಲಿ ಗಂಜಿಯ ಮೇಲೆ ಕೆನೆ ಕಟ್ಟುತ್ತಿತ್ತು. ಕಾಲುವೆಯಲ್ಲಿ ಕುಡಿಯುವ ನೀರಿನ ದೋಣಿ ಸದ್ದು ಮಾಡುತ್ತಾ ಹೋಯಿತು. ಮೇಣ ಕರಗಿ ಬಿಳಿ ಬಟ್ಟೆಯ ಮೇಲೆ ಇಳಿಯಿತು.

ಏಲೀಶ್ವಾ ಕಣ್ಣು ತೆರೆದಳು. ಎದುರಿಗೆ ನಿಂತವಳು ಯಾರೆಂದು ಅವಳಿಗೆ ತಿಳಿಯಿತು. ಬೇಸರಪಡಲಿಲ್ಲ. ಬೆಲ್ಲ ಕದ್ದು ಸಿಕ್ಕಿಬಿದ್ದ ಮಗಳನ್ನು ನೋಡುವ ಹಾಗೆ ನೋಡಿದಳು.

“ಮೋಳೇ, ನೀನಾ? ಪರವಾಗಿಲ್ಲ. ಅಚ್ಚನ್ ಕಳಿಸಿದ್ದಾರೆ ತಾನೇ? ನೀನೇ ಹೇಳು.”

ಬ್ರಿಜೀತಾಳ ಬೆರಳಿನ ಬೆವರಿಗೆ ಓಸ್ತಿ ಮೆತ್ತಗಾಗಿ ಅಂಟಿಕೊಂಡಿತ್ತು.

“ಒಂದು ಸಲ ಹೇಳಿಬಿಡು. ನನಗೆ ತುಂಬಾ ಹಸಿವಾಗ್ತಿದೆ ಮೋಳೇ.”

ಮತ್ತೆ ಕಣ್ಣು ಮುಚ್ಚಿ, ಬಾಯಿ ತೆರೆದು, ನಾಲಿಗೆ ಹಾಸಿ ಕಾದಳು.

“ಇಲ್ಲ ಅಮ್ಮಚ್ಚಿ,” ಅಂದಳು ಬ್ರಿಜೀತಾ. “ನಾನು ಹೇಳಲ್ಲ.”